ಬ್ರಿಟನ್ನಿನ ರಾಕ್ ಬ್ಯಾಂಡ್ ಲೆಡ್ ಜೆಪ್ಲಿನ್‌ನ ಗಾಯಕ ರಾಬರ್ಟ್ ಪ್ಲಾಂಟ್ ಹಳೇ ಬ್ಯಾಂಡಿನ ಜೊತೆ ಮತ್ತೆ ಊರೂರು ತಿರುಗಲಿಲ್ಲ ಯಾಕೆ? ದುಡ್ಡು ಬೇಡವಾಗಿತ್ತಾ?

ದುಡ್ಡಿನ ಮಾತು ಪಕ್ಕಕ್ಕಿಡಿ, ಮೊದಲು ಕಂಠ ನೋಡಿ. 1948ರಲ್ಲಿ ಹುಟ್ಟಿದ ಪ್ಲಾಂಟ್ ಹೆಸರು ಮಾಡಿದ್ದು ಇಪ್ಪತ್ತರ ಹರೆಯದ ತಾರಕದ ಕೂಗಿನಿಂದ. 1980ರಲ್ಲಿ ಡ್ರಮ್ಮರ್ ಜಾನ್ ಬಾನಮ್ ತೀರಿಕೊಂಡ, ಬ್ಯಾಂಡ್ ಮುಗಿಯಿತು. 2007ರ ಡಿಸೆಂಬರಿನಲ್ಲಿ ಉಳಿದವರು ಲಂಡನ್ನಿನಲ್ಲಿ ಒಂದು ರಾತ್ರಿ ಕೂಡಿ ಹಾಡಿದರು. ಡ್ರಮ್ಸಿಗೆ ಕೂತವನು ಬಾನಮ್‌ನ ಮಗ. ಆದರೆ ಅರವತ್ತರ ಹೊಸ್ತಿಲಲ್ಲಿದ್ದ ಪ್ಲಾಂಟ್ ಅದನ್ನು ಮುಂದುವರಿಸದೆ ಅಮೆರಿಕದ ಗಾಯಕಿ ಅಲಿಸನ್ ಕ್ರೌಸ್ ಜೊತೆ ಮೆಲುದನಿಯ ಹಾಡುಗಳಿಗೆ ಹೊರಟ. ಅವರಿಬ್ಬರ ಆಲ್ಬಮ್ಮಿಗೆ 2009ರಲ್ಲಿ ವರ್ಷದ ಆಲ್ಬಮ್ ಎಂಬ ಗ್ರ್ಯಾಮಿ ಪ್ರಶಸ್ತಿ ಬಂತು. ಅಂದರೆ ಸೋತು ಇಳಿದದ್ದಲ್ಲ.

ನಾನು ರಾಯಚೂರಿನವ. ರಾಕ್‌ಗೂ ನನಗೂ ದೂರ, ಭಜನೆಯಲ್ಲಿ ತತ್ವಪದ ಹಾಡುವವನು. ಹೋದ ವರ್ಷ ನಮ್ಮ ಪೇಟಿ ಮಾಸ್ತರರು ಒಂದು ಮಾತೂ ಹೇಳದೆ ನನ್ನ ಶ್ರುತಿಯನ್ನು ಕರಿ ಎರಡರಿಂದ ಕರಿ ಒಂದಕ್ಕೆ, ಅಂದರೆ ಪೇಟಿಯ ಎರಡನೇ ಕರಿ ಮನೆಯಿಂದ ಅದರ ಕೆಳಗಿನದಕ್ಕೆ, ಇಳಿಸಿಬಿಟ್ಟರು. ಸಿಟ್ಟು ಬಂತು, ಐವತ್ತೈದಕ್ಕೇ ಮುದುಕನಾದೆನಾ ಅಂತ. ಆದರೆ ಮೂರನೇ ಪದಕ್ಕೆ, ಮೇಲಿನ ಸ್ವರ ಹಿಡಿಯೋ ಗಡಿಬಿಡಿಯಲ್ಲಿ ಇಷ್ಟು ವರ್ಷ ನುಂಗುತ್ತಿದ್ದ ಅಕ್ಷರಗಳು ನನಗೇ ಕೇಳಿಸತೊಡಗಿದವು. ಕಂಬಕ್ಕೊರಗಿ ಕೂತಿದ್ದ ಅಜ್ಜನೊಬ್ಬ, "ಈಗ ಪದ ತಿಳೀತು ನೋಡಪಾ" ಅಂದ. ಮನೆಗೆ ಬಂದು ಪ್ಲಾಂಟ್‌ನ ಹೊಸ ಹಾಡುಗಳನ್ನು ಮತ್ತೆ ಹಚ್ಚಿದೆ.