ಕ್ಯಾಲಿಫೋರ್ನಿಯಾದಲ್ಲಿ ಪೊಲೀಸ್ ಬಲಪ್ರಯೋಗದ ದಾಖಲೆಗಳನ್ನು ಸಿಟಿಯಿಂದ ಕೇಳಿ ಪಡೆಯುವುದು ಹೇಗೆ?

ನೀವು ಕೇಳಿದ್ದು ಇಷ್ಟು: "ಕ್ಯಾಲಿಫೋರ್ನಿಯಾದಲ್ಲಿ ಎಚ್‌-1ಬಿ ವೀಸಾದ ಮೇಲಿದ್ದೇನೆ. ನಮ್ಮ ಸಿಟಿಯ ಪೊಲೀಸರು ಜನರ ಮೇಲೆ ಬಲ ಬಳಸಿದ ದಾಖಲೆಗಳನ್ನು ನಾನು ಕೇಳಬಹುದಾ? ನಾನು ಇಲ್ಲಿನ ಪ್ರಜೆ ಅಲ್ಲ."

ಖಂಡಿತ ಕೇಳಬಹುದು. ನಮ್ಮ ಆರ್‌ಟಿಐ ಕಾಯ್ದೆ ಪ್ರಜೆಗಳಿಗೆ ಮಾತ್ರ ಹಕ್ಕು ಕೊಡುತ್ತದೆ, ಹಾಗಾಗಿ ನಿಮಗೆ ಈ ಅನುಮಾನ ಬಂದಿರಬೇಕು. ಇಲ್ಲಿನ ಕಾಯ್ದೆ ಹಾಗಿಲ್ಲ. ಯಾರು ಬೇಕಾದರೂ ಕೇಳಬಹುದು. ಯಾಕೆ ಬೇಕು ಅಂತ ಹೇಳಬೇಕಿಲ್ಲ, ಹೆಸರು ಕೂಡ ಕೊಡಬೇಕಿಲ್ಲ. ನಾನು ಮೊದಲ ಸಲ ಅರ್ಜಿ ಹಾಕಿದಾಗ ನಾನೂ ಎಚ್‌-1ಬಿ ಮೇಲೇ ಇದ್ದೆ. ವೀಸಾ ಬಗ್ಗೆ ಯಾರೂ ಒಂದು ಮಾತೂ ಕೇಳಲಿಲ್ಲ. ಒಂದು ವಿಷಯ ಮಾತ್ರ ನೆನಪಿರಲಿ, ಎಷ್ಟೋ ಸಿಟಿಗಳ ಪೋರ್ಟಲ್‌ನಲ್ಲಿ ನಿಮ್ಮ ಅರ್ಜಿಯೇ ಎಲ್ಲರಿಗೂ ಕಾಣುತ್ತದೆ. ಮನೆ ವಿಳಾಸ, ಸ್ವಂತ ವಿಷಯ ಅದರಲ್ಲಿ ಬರೆಯಬೇಡಿ.

ನಾನು ಅರ್ಜಿ ಹಾಕಿದ್ದು ಅಪ್ಪ ಇಲ್ಲಿಗೆ ಬಂದಿದ್ದಾಗ. ಬೆಳಿಗ್ಗೆ ಆರಕ್ಕೇ ಮಂಕಿ ಕ್ಯಾಪ್ ಹಾಕಿಕೊಂಡು, ಕೈ ಹಿಂದೆ ಕಟ್ಟಿಕೊಂಡು ಬೀದಿ ಸುತ್ತಲು ಹೊರಡುತ್ತಿದ್ದರು. ಯಾರದೋ ಮನೆ ಮುಂದೆ ನಿಂತು ಗುಲಾಬಿ ಗಿಡ ನೋಡುತ್ತಿದ್ದರು. ಅವರು ವಾಪಸ್ ಬರುವ ತನಕ ನನಗೆ ಅಲಬಾಮಾದ ಮ್ಯಾಡಿಸನ್ ಊರಿನ ಆ ಅಜ್ಜನೇ ನೆನಪಾಗುತ್ತಿದ್ದರು. 57 ವರ್ಷ, ಗುಜರಾತಿನವರು, ಮೊಮ್ಮಗುವನ್ನು ನೋಡಿಕೊಳ್ಳಲು ಬಂದವರು. 2015ರ ಫೆಬ್ರವರಿಯಲ್ಲಿ ಮಗನ ಮನೆಯ ಹತ್ತಿರವೇ ನಡೆದು ಹೋಗುತ್ತಿದ್ದಾಗ ಯಾರೋ ಪೊಲೀಸರಿಗೆ ಫೋನ್ ಮಾಡಿದರು. ಅವರಿಗೆ ಇಂಗ್ಲಿಷ್ ಬರುತ್ತಿರಲಿಲ್ಲ. ಒಬ್ಬ ಅಧಿಕಾರಿ ಅವರನ್ನು ನೆಲಕ್ಕೆ ಕೆಡವಿದ ರಭಸಕ್ಕೆ ಬೆನ್ನುಮೂಳೆಗೆ ಪೆಟ್ಟಾಗಿ ದೇಹದ ಸ್ವಾಧೀನ ಭಾಗಶಃ ಹೋಯಿತು. ಪೊಲೀಸ್ ಕಾರಿನ ಕ್ಯಾಮೆರಾ ವಿಡಿಯೋ ಒಂದೇ ವಾರದಲ್ಲಿ ಹೊರಗೆ ಬಂದಿದ್ದರಿಂದ ಅಲ್ಲಿ ಏನು ನಡೆಯಿತು ಅಂತ ಎಲ್ಲರೂ ಕಣ್ಣಾರೆ ನೋಡುವಂತಾಯಿತು. ನಮ್ಮ ಊರಿನಲ್ಲಿ ಹೀಗೆ ಎಷ್ಟು ನಡೆದಿದೆ ಅಂತ ನನಗೆ ತಿಳಿಯಬೇಕಿತ್ತು.

ಈಗ ಕೆಲಸದ ಮಾತು. ತುಂಬಾ ಜನ "ಫೋಯಾ" (ಫ್ರೀಡಂ ಆಫ್ ಇನ್ಫರ್ಮೇಶನ್ ಆ್ಯಕ್ಟ್) ಅಂತ ಬರೆದು ಅರ್ಜಿ ಕಳಿಸುತ್ತಾರೆ. ಅದು ಫೆಡರಲ್ ಸರ್ಕಾರದ ಇಲಾಖೆಗಳಿಗೆ ಇರುವ ಕಾಯ್ದೆ, ಸಿಟಿಗೆ ಅನ್ವಯಿಸುವುದಿಲ್ಲ. ನಿಮಗೆ ಬೇಕಾದದ್ದು ಕ್ಯಾಲಿಫೋರ್ನಿಯಾ ಪಬ್ಲಿಕ್ ರೆಕಾರ್ಡ್ಸ್ ಆ್ಯಕ್ಟ್. 1968ರದ್ದು. ಇಂಟರ್‌ನೆಟ್‌ನಲ್ಲಿ ಸಿಗುವ ಹಳೆಯ ಮಾದರಿ ಪತ್ರಗಳಲ್ಲಿ ಸೆಕ್ಷನ್ 6250 ಅಂತ ಇರುತ್ತದೆ. 2023ರಿಂದ ನಂಬರ್ ಬದಲಾಗಿದೆ, ಈಗ 7920.000ರಿಂದ ಶುರು.

ಆದರೆ ಪೊಲೀಸ್ ಫೈಲುಗಳಿಗೆ ಇದೊಂದೇ ಸಾಲದು. ಪೊಲೀಸರ ಮೇಲಿನ ವಿಚಾರಣೆಯ ದಾಖಲೆಗಳಿಗೆ 1978ರಿಂದ ಇಲ್ಲಿ ಬೀಗ ಬಿದ್ದಿತ್ತು. ಅದನ್ನು ತೆಗೆದದ್ದು ಎಸ್‌ಬಿ 1421 (ಎಸ್‌ಬಿ ಅಂದರೆ ರಾಜ್ಯದ ಸೆನೆಟ್ ಬಿಲ್) ಅನ್ನುವ ಕಾಯ್ದೆ, ಜಾರಿಗೆ ಬಂದದ್ದು 2019ರ ಜನವರಿ 1ಕ್ಕೆ. ಅಧಿಕಾರಿ ಯಾರ ಮೇಲಾದರೂ ಗುಂಡು ಹಾರಿಸಿದ್ದರೆ, ಬಲಪ್ರಯೋಗದಿಂದ ಸಾವು ಅಥವಾ ತೀವ್ರ ಗಾಯ ಆಗಿದ್ದರೆ, ಆ ಫೈಲು ಸಾರ್ವಜನಿಕ. ಲೈಂಗಿಕ ದೌರ್ಜನ್ಯ ಅಥವಾ ಸುಳ್ಳು ಹೇಳಿದ್ದು ಸಾಬೀತಾಗಿದ್ದರೂ ಅಷ್ಟೇ. ಆ ಕಾಯ್ದೆ ಜಾರಿಗೆ ಬರುವ ಕೆಲವೇ ದಿನ ಮೊದಲು, 2018ರ ಡಿಸೆಂಬರ್‌ನಲ್ಲಿ, ಇಂಗಲ್‌ವುಡ್ ಸಿಟಿ ಕೌನ್ಸಿಲ್ ನೂರಕ್ಕೂ ಜಾಸ್ತಿ ಹಳೆಯ ಫೈಲುಗಳನ್ನು ಚೂರು ಮಾಡಲು ಒಪ್ಪಿಗೆ ಕೊಟ್ಟಿತು. ಇದನ್ನು ಓದಿದ ದಿನ ನನಗೆ ಬಂದ ಸಿಟ್ಟು ಇವತ್ತಿಗೂ ಹೋಗಿಲ್ಲ. ಆಮೇಲೆ ಎಸ್‌ಬಿ 16 ಬಂತು. 2022ರಿಂದ, ಗಾಯ ಎಷ್ಟೇ ಇರಲಿ, ಅತಿಯಾದ ಬಲ ಬಳಸಿದ್ದು ಇಲಾಖೆಯ ವಿಚಾರಣೆಯಲ್ಲಿ ಸಾಬೀತಾಗಿದ್ದರೆ ಆ ಫೈಲೂ ಸಿಗುತ್ತದೆ.

ಇದಕ್ಕೆ ಹೊರತಾದ ಸಣ್ಣಪುಟ್ಟ ಬಲಪ್ರಯೋಗದ ಒಂದೊಂದು ವರದಿ ಸಿಗುವುದು ಕಷ್ಟ. ಅದಕ್ಕೆ ಬದಲು ವರ್ಷದ ಒಟ್ಟು ಲೆಕ್ಕ ಕೇಳಿ: ಟೇಸರ್ (ಕರೆಂಟ್ ಶಾಕ್ ಕೊಡುವ ಗನ್) ಎಷ್ಟು ಸಲ, ಪೊಲೀಸ್ ನಾಯಿ ಎಷ್ಟು ಸಲ, ಹೀಗೆ.

ನನ್ನ ಮೊದಲ ಅರ್ಜಿ ಕೆಲಸ ಮಾಡಲಿಲ್ಲ. "ಬಲಪ್ರಯೋಗಕ್ಕೆ ಸಂಬಂಧಿಸಿದ ಎಲ್ಲಾ ದಾಖಲೆ" ಅಂತ ಕೇಳಿದ್ದೆ. ಹತ್ತನೇ ದಿನ ಉತ್ತರ ಬಂತು, ವಿಷಯ ಸ್ಪಷ್ಟವಾಗಿಲ್ಲ ಅಂತ. ಸುಮ್ನೆ ಬಿಟ್ಟುಬಿಡುವವನಿದ್ದೆ. ಆಮೇಲೆ ಗೊತ್ತಾಯಿತು, ಅರ್ಜಿಯನ್ನು ಸರಿಯಾಗಿ ರೂಪಿಸಲು ಸಹಾಯ ಮಾಡುವುದು ಕಾಯ್ದೆ ಪ್ರಕಾರ ಅವರದೇ ಕೆಲಸ. ಸಿಟಿ ಕ್ಲರ್ಕ್ ಆಫೀಸಿಗೆ ಫೋನ್ ಮಾಡಿ ಒಂದೇ ಪ್ರಶ್ನೆ ಕೇಳಿದೆ: "ಇಂಥ ಘಟನೆ ಆದಮೇಲೆ ಸಾರ್ಜೆಂಟ್ ತುಂಬುವ ಫಾರಂಗೆ ನಿಮ್ಮಲ್ಲಿ ಏನಂತಾರೆ?" ಆಕೆ ಫಾರಂ ಹೆಸರು ಹೇಳಿದರು. ನಾನು ಆ ಹೆಸರನ್ನೇ ಹಾಕಿ ಮತ್ತೆ ಬರೆದೆ.

ನೀವು ಫೋನೂ ಮಾಡಬೇಕಾಗದೇ ಇರಬಹುದು. 2020ರಿಂದ ಪೊಲೀಸ್ ಇಲಾಖೆಗಳು ತಮ್ಮ ನಿಯಮಗಳನ್ನು ವೆಬ್‌ಸೈಟಿನಲ್ಲಿ ಹಾಕಲೇಬೇಕು. ಅನೇಕ ಊರುಗಳಲ್ಲಿ ಬಲಪ್ರಯೋಗದ ನಿಯಮ "ಪಾಲಿಸಿ 300" ಅಂತ ಇರುತ್ತದೆ. ಮೊದಲು ಅದನ್ನು ಓದಿ. ಯಾವ ಘಟನೆಗೆ ಯಾರು ಏನು ಬರೆಯಬೇಕು ಅಂತ ಅದರಲ್ಲೇ ಇರುತ್ತದೆ.

ಆಮೇಲೆ ಅರ್ಜಿಯಲ್ಲಿ ಒಂದು ವರ್ಷ ಮಾತ್ರ ಹಿಡಿಯಿರಿ. ಪೀನಲ್ ಕೋಡ್ 832.7(ಬಿ) (ಎಸ್‌ಬಿ 1421, ಎಸ್‌ಬಿ 16ರ ನಿಯಮಗಳು ಇರುವ ಸೆಕ್ಷನ್) ಅಡಿ ಬರುವ ಎಲ್ಲಾ ಬಲಪ್ರಯೋಗ ಪ್ರಕರಣಗಳ ವರದಿ, ತನಿಖಾ ಫೈಲು, ಫೋಟೋ, ಬಾಡಿ ಕ್ಯಾಮೆರಾ ವಿಡಿಯೋ ಬೇಕು ಅಂತ ಬರೆಯಿರಿ. ಹತ್ತು ದಿನದಲ್ಲಿ ಬರುವುದು "ಕೊಡುತ್ತೇವೆ" ಅಥವಾ "ಕೊಡುವುದಿಲ್ಲ" ಅನ್ನುವ ಉತ್ತರ ಮಾತ್ರ. ಕಾರಣ ಹೇಳಿ ಇನ್ನೂ 14 ದಿನ ತೆಗೆದುಕೊಳ್ಳಬಹುದು. ಈ ಬಗೆಯ ಫೈಲು ಕೈಗೆ ಸಿಗಲು 45 ದಿನದ ಗಡುವು ಇದೆ. ತನಿಖೆ ನಡೆಯುತ್ತಿದ್ದರೆ ಇನ್ನೂ ತಡ.

ನನಗೆ ಬಂದ ಪಿಡಿಎಫ್‌ನ ಎರಡನೇ ಪುಟ ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ. ಮನುಷ್ಯನ ದೇಹದ ಗೆರೆ ಚಿತ್ರ, ಮುಂದಿನದೊಂದು, ಹಿಂದಿನದೊಂದು. ಎಡ ಮಣಿಕಟ್ಟಿನ ಮೇಲೆ ಪೆನ್ನಿನಲ್ಲಿ ಹಾಕಿದ ಒಂದು ಇಂಟು ಗುರುತು. ಪಕ್ಕದಲ್ಲಿ "ಮೂಳೆ ಮುರಿತ". ಹೆಸರಿನ ಮೇಲೆ ಕಪ್ಪು ಪಟ್ಟಿ, ವಯಸ್ಸು ಮಾತ್ರ ಬಿಟ್ಟಿದ್ದರು: 61. ನಮ್ಮಪ್ಪನಿಗಿಂತ ಮೂರು ವರ್ಷ ಚಿಕ್ಕವರು. ಅಧಿಕಾರಿಯ ಹೆಸರಿನ ಮೇಲೂ ಕಪ್ಪು ಬಳಿದಿದ್ದರು. ಅದು ತಪ್ಪು. ಗಾಯಗೊಂಡವರ, ಸಾಕ್ಷಿಗಳ ಗುರುತು ಮುಚ್ಚಬಹುದು, ಆದರೆ ಅಧಿಕಾರಿಯ ಹೆಸರನ್ನು ಮಾಮೂಲಿಯಾಗಿ ಮುಚ್ಚುವ ಹಾಗಿಲ್ಲ. ಅದೇ 832.7(ಬಿ) ಸೆಕ್ಷನ್ ತೋರಿಸಿ ಎರಡು ಸಾಲು ಬರೆದೆ. ಮೂರು ವಾರಕ್ಕೆ ಹೆಸರಿದ್ದ ಪ್ರತಿ ಬಂತು.

ದುಡ್ಡಿನ ವಿಷಯ. ವಿಡಿಯೋ ಎಡಿಟ್ ಮಾಡಲು ಇಷ್ಟು ಗಂಟೆ ಬೇಕು, ಅದರ ಖರ್ಚು ಕೊಡಿ ಅಂತ ಕೇಳಿದರೆ ಒಪ್ಪಬೇಡಿ. ಹೇವರ್ಡ್ ಸಿಟಿ ಹೀಗೆಯೇ 3,000 ಡಾಲರ್‌ಗೂ ಜಾಸ್ತಿ ಕೇಳಿತ್ತು. 2020ರಲ್ಲಿ ರಾಜ್ಯದ ಸುಪ್ರೀಂ ಕೋರ್ಟ್ ಅದು ಸರಿಯಲ್ಲ ಅಂದಿತು. ಪ್ರತಿ ಮಾಡಿದ ಖರ್ಚು ಮಾತ್ರ ನಿಮ್ಮದು.

ಕೊಡುವುದಿಲ್ಲ ಅಂದರೆ? ಇಲ್ಲಿ ನಮ್ಮ ಹಾಗೆ ಮಾಹಿತಿ ಆಯೋಗ ಇಲ್ಲ, ನೇರ ಕೋರ್ಟಿಗೇ ಹೋಗಬೇಕು. ಗೆದ್ದರೆ ನಿಮ್ಮ ವಕೀಲರ ಫೀಸನ್ನು ಸಿಟಿಯೇ ಕೊಡಬೇಕಾಗುತ್ತದೆ. ಹಾಗಾಗಿ ಯಾವ ಸೆಕ್ಷನ್ ಪ್ರಕಾರ ಕೊಡುತ್ತಿಲ್ಲ ಅಂತ ಮೊದಲು ಬರಹದಲ್ಲಿ ಕೇಳಿ. ಎಷ್ಟೋ ಸಲ ಅಲ್ಲಿಗೇ ದಾರಿ ತೆರೆಯುತ್ತದೆ.

ನಿಮ್ಮ ಸಿಟಿ ಯಾವುದು ಅಂತ ಕೆಳಗೆ ಬರೆಯಿರಿ. ಅವರ ಪಾಲಿಸಿ 300 ಓದಿ, ಅರ್ಜಿಯ ಕರಡನ್ನು ಈ ಶನಿವಾರ ಒಟ್ಟಿಗೆ ಕೂತು ಮಾಡೋಣ.