ಎಪ್ಪತ್ತೊಂಬತ್ತನೆಯ ಎಲೆ

ತೀರ್ಥಹಳ್ಳಿ ಕಡೆಯ ಓದುಗರೊಬ್ಬರು ಬರೆದ ಆರು ಪುಟಗಳ ಪತ್ರ ನಾಲ್ಕು ದಿನಗಳಿಂದ ನನ್ನ ಮೇಜಿನ ಮೇಲೆಯೇ ಇದೆ. ಉಳಿದ ಪತ್ರಗಳಿಗೆ ಉತ್ತರ ಬರೆಯಲು ಕುಳಿತಾಗಲೆಲ್ಲ ಕೈ ಮತ್ತೆ ಅದರ ಮೂರನೆಯ ಪುಟಕ್ಕೇ ಹೋಗುತ್ತಿದ್ದುದರಿಂದ, ಈ ವಾರದ ಅಂಕಣವನ್ನು ಪೂರ್ತಿಯಾಗಿ ಅವರೊಬ್ಬರಿಗೇ ಮೀಸಲಿಡುತ್ತಿದ್ದೇನೆ. ಹೆಸರು ಮತ್ತು ಊರು ಬೇಡವೆಂದು ಅವರು ಕೇಳಿಕೊಂಡಿದ್ದಾರೆ.

ಅವರಿಗೆ ಈಗ 48 ವರ್ಷ. ಅಡಿಕೆ ತೋಟದ ಮನೆ, ಮಾತು ಕಡಿಮೆಯ ಗಂಡ, ಬೆಂಗಳೂರಿನಲ್ಲಿ ಓದುತ್ತಿರುವ ಮಗ. ಈ ಬೇಸಿಗೆಯಲ್ಲಿ ಅಣ್ಣನ ಮಗಳು ರಜೆಗೆ ಬಂದವಳು ಒಂದು ಕಟ್ಟು ಟ್ಯಾರೋ ಕಾರ್ಡುಗಳನ್ನು, ಅಂದರೆ ಭವಿಷ್ಯ ನೋಡುವ ಚಿತ್ರದ ಎಲೆಗಳನ್ನು, ಉಡುಗೊರೆಯಾಗಿ ಕೊಟ್ಟು, ಹಾಸುವ ಕ್ರಮವನ್ನೂ ಹೇಳಿಕೊಟ್ಟು ಹೋದಳಂತೆ. ಅಂದಿನಿಂದ, ಅಂದರೆ ಮೂರು ತಿಂಗಳಿಂದ, ರಾತ್ರಿಯ ಪಾತ್ರೆಗಳನ್ನು ತೊಳೆದಿಟ್ಟು, ಜಗಲಿಯ ದೀಪ ಆರಿಸಿದ ಮೇಲೆ, ಇವರು ಒಳಕೋಣೆಯಲ್ಲಿ ಮಣೆಯ ಮೇಲೆ ಮೂರು ಎಲೆ ಹಾಸುತ್ತಾರೆ. ಒಂದು ನಡೆದ ದಾರಿಗೆ, ಒಂದು ನಡೆಯದೆ ಉಳಿದ ದಾರಿಗೆ, ಒಂದು ಈಗಿನ ತನಗೆ. ನಡೆಯದೆ ಉಳಿದ ದಾರಿಯೆಂದರೆ ಸಾಗರದ ಹತ್ತಿರದ ಹೆಗ್ಗೋಡಿನದು. 1998ರಲ್ಲಿ ಬಿ.ಎ. ಮುಗಿಸಿದ ಕೂಡಲೇ ಅಲ್ಲಿನ ನೀನಾಸಂ ರಂಗಶಿಕ್ಷಣ ಕೇಂದ್ರಕ್ಕೆ ಅರ್ಜಿ ಹಾಕಿದ್ದರು. ಸಂದರ್ಶನಕ್ಕೆ ಹೋಗಲಾಗಲಿಲ್ಲ, ಮರುವರ್ಷ ಮದುವೆಯಾಯಿತು. ಹೋಗಿದ್ದರೆ ತಾನು ಏನಾಗುತ್ತಿದ್ದೆ ಎಂದು ಪ್ರತಿ ರಾತ್ರಿ ಕೇಳುತ್ತಾರೆ. ಎಲೆಗಳು ಹೇಳುವ ಆ ಇನ್ನೊಂದು ಬದುಕು ಎಷ್ಟು ಹತ್ತಿರವಾಗಿದೆಯೆಂದರೆ, ಹಗಲಿನಲ್ಲಿ ಒಲೆಯ ಮುಂದೆ ನಿಂತಾಗಲೂ ಅಲ್ಲಿಯೇ ಇರುತ್ತಾರೆ. ಗಂಡ ಇದನ್ನು ಇಸ್ಪೀಟು ಎಂದು ಕರೆದು, ತುಂಗೆಗೆ ಎಸೆದು ಬಾ ಎಂದಿದ್ದಾರೆ. ಎಲೆ ಹಾಸುವುದನ್ನು ನಿಲ್ಲಿಸಬೇಕೆ, ಮನಸ್ಸು ಎಲ್ಲಿದೆಯೆಂದು ಗಂಡನಿಗೆ ಹೇಳಬೇಕೆ ಎಂಬುದು ಅವರ ಪ್ರಶ್ನೆ.

ಮೊದಲು ಎಲೆಗಳ ಮಾತು ಮುಗಿಸೋಣ. ನಿಮ್ಮ ಮನೆಯವರು ತಿಳಿದು ಹೇಳಿದರೋ ತಿಳಿಯದೆ ಹೇಳಿದರೋ, ಇಸ್ಪೀಟು ಎಂಬ ಮಾತು ಸುಳ್ಳಲ್ಲ. ಟ್ಯಾರೋ ಹುಟ್ಟಿದ್ದು 15ನೆಯ ಶತಮಾನದ ಉತ್ತರ ಇಟಲಿಯಲ್ಲಿ, ಶ್ರೀಮಂತರ ಮನೆಗಳಲ್ಲಿ ಕೂತು ಆಡುವ ಎಲೆಯಾಟವಾಗಿ. ಅದರಿಂದ ಭವಿಷ್ಯ ಹೇಳುವ ರೂಢಿ ಬೆಳೆದದ್ದು ಸುಮಾರು ಮುನ್ನೂರು ವರ್ಷಗಳ ಬಳಿಕ, ಫ್ರಾನ್ಸಿನಲ್ಲಿ. 1781ರಲ್ಲಿ ಅಲ್ಲಿನ ವಿದ್ವಾಂಸನೊಬ್ಬ ಇದು ಪ್ರಾಚೀನ ಈಜಿಪ್ಟಿನ ಜ್ಞಾನಭಂಡಾರವೆಂದು ಯಾವ ಆಧಾರವೂ ಇಲ್ಲದೆ ಬರೆದ ಮೇಲೆ ಆ ರೂಢಿಗೆ ಹುರುಪು ಬಂತು. ನೀವು ವಿವರಿಸಿದ ಚಿತ್ರಗಳನ್ನು ನೋಡಿದರೆ ನಿಮ್ಮ ಕೈಯಲ್ಲಿರುವುದು 1909ರಲ್ಲಿ ಲಂಡನ್ನಿನಲ್ಲಿ ಪ್ರಕಟವಾದ ಕಟ್ಟಿನ ಮಾದರಿ. ಅದರ ಚಿತ್ರಗಳನ್ನು ಬರೆದಾಕೆ ಪಮೇಲಾ ಕೋಲ್ಮನ್ ಸ್ಮಿತ್. ಆಕೆ ನಾಟಕ ತಂಡದೊಡನೆ ಊರೂರು ತಿರುಗಿ ವೇಷಭೂಷಣ, ರಂಗಸಜ್ಜಿಕೆಗಳ ಕೆಲಸ ಮಾಡಿದ್ದವಳು. ಆ ಎಲೆಗಳಲ್ಲಿನ ಮನುಷ್ಯರು ರಂಗದ ಮೇಲಿನ ಪಾತ್ರಗಳಂತೆ ನಿಂತಿರುತ್ತಾರೆ. ನಟಿಯಾಗಬೇಕೆಂದಿದ್ದ ನಿಮ್ಮ ಕಣ್ಣಿಗೆ ಅವು ಅಷ್ಟು ಬೇಗ ಮಾತನಾಡತೊಡಗಿದ್ದರಲ್ಲಿ ನನಗೆ ಆಶ್ಚರ್ಯವಿಲ್ಲ.

‘ಫೈವ್ ಆಫ್ ಕಪ್ಸ್’ ಎಂಬ ಐದು ಬಟ್ಟಲುಗಳ ಎಲೆ ಮೂರು ತಿಂಗಳಲ್ಲಿ ನಾಲ್ಕು ಸಲ ಬಂತು, ಅದು ಬೆನ್ನು ಬಿಡುತ್ತಿಲ್ಲ ಎಂದು ಹೆದರಿ ಬರೆದಿದ್ದೀರಿ. ಕಟ್ಟಿನಲ್ಲಿರುವುದು 78 ಎಲೆ. ರಾತ್ರಿಗೆ ಮೂರರಂತೆ ತೆಗೆದರೆ ಯಾವುದೇ ಒಂದು ಎಲೆ ಸರಾಸರಿ 26 ರಾತ್ರಿಗೊಮ್ಮೆ ಬರುತ್ತದೆ, ತೊಂಬತ್ತು ರಾತ್ರಿಗಳಲ್ಲಿ ಸರಾಸರಿ ಮೂರೋ ನಾಲ್ಕೋ ಸಲ ಬರುತ್ತದೆ. ಉಳಿದ ಎಲೆಗಳಲ್ಲೂ ಎಷ್ಟೋ ಅಷ್ಟೇ ಸಲ, ಕೆಲವು ಅದಕ್ಕಿಂತ ಹೆಚ್ಚು ಸಲವೂ ಬಂದಿರುತ್ತವೆ. ನೀವು ನೆನಪಿಟ್ಟುಕೊಂಡದ್ದು ಇದೊಂದನ್ನು ಮಾತ್ರ. ಯಾಕೆ ಇದೊಂದನ್ನೇ ಎಂಬುದು ಕೇಳಬೇಕಾದ ಪ್ರಶ್ನೆ, ಅದಕ್ಕಾಗಿ ನಾನೂ ಆ ಚಿತ್ರವನ್ನು ಎದುರಿಗಿಟ್ಟುಕೊಂಡು ನೋಡಿದೆ. ಕಪ್ಪು ನಿಲುವಂಗಿ ಹೊದ್ದ ಒಬ್ಬರು ತಲೆ ತಗ್ಗಿಸಿ ನಿಂತಿದ್ದಾರೆ. ಮುಂದೆ ಮೂರು ಬಟ್ಟಲು ಉರುಳಿ ಒಳಗಿದ್ದದ್ದೆಲ್ಲ ಚೆಲ್ಲಿದೆ, ಹಿಂದೆ ಎರಡು ಬಟ್ಟಲು ನೆಟ್ಟಗೆ ನಿಂತಿವೆ, ಆಚೆ ಒಂದು ಹೊಳೆ, ಹೊಳೆಗೊಂದು ಸೇತುವೆ. ಚೆಲ್ಲಿಹೋದದ್ದಕ್ಕೆ ಅಳುವುದನ್ನು ಬಿಟ್ಟು ಉಳಿದ ಎರಡನ್ನು ನೋಡಿಕೋ ಎಂಬುದು ಇದಕ್ಕೆ ಎಲ್ಲರೂ ಹೇಳುವ ಅರ್ಥ, ನಿಮ್ಮ ಸೋದರ ಸೊಸೆಯೂ ಅದನ್ನೇ ಹೇಳಿದ್ದಾಳೆ. ನನಗೆ ಆ ಸಮಾಧಾನ ಹಿಡಿಸುವುದಿಲ್ಲ. ಆ ಬಟ್ಟಲುಗಳನ್ನು ಉರುಳಿಸಿದವರು ಯಾರು ಎಂಬುದು ಚಿತ್ರದಲ್ಲಿಲ್ಲ. ನಿಂತವರೇ ಎಡವಿದರೋ, ಬೇರೆ ಯಾರೋ ತಳ್ಳಿ ಹೋದರೋ ಹೇಳಲಾಗದು.

ನಿಮ್ಮ ಪತ್ರದಲ್ಲಿ ಅದು ಇದೆ. ಮೂರನೆಯ ಪುಟದ ನಡುವೆ, ಆವರಣದೊಳಗೆ, ಒಂದೂವರೆ ಸಾಲಿನಲ್ಲಿ ನೀವು ಹೀಗೆ ಬರೆದಿದ್ದೀರಿ: ‘(ಸಂದರ್ಶನದ ಪತ್ರ ಆಮೇಲೆ ನವರಾತ್ರಿಯಲ್ಲಿ ದೇವರ ಮನೆ ಚೊಕ್ಕ ಮಾಡುವಾಗ ಅಣ್ಣನ ಪಂಚಾಂಗದೊಳಗೆ ಸಿಕ್ಕಿತು, ಅದು ಹಾಗಿರಲಿ.)’ ಐದನೆಯ ಪುಟದಲ್ಲಿ, ಎಲೆಗಳನ್ನು ಎಲ್ಲಿಡುತ್ತೇನೆಂದು ಹೇಳುವಾಗ, ಆ ಪತ್ರವೂ ಅದೇ ಪೆಟ್ಟಿಗೆಯಲ್ಲಿ ಎಲೆಗಳ ಅಡಿಗಿದೆ ಎಂದು ಮತ್ತೆ ಅರ್ಧ ಸಾಲು.

ತಂಗೀ, ಅದು ಹೇಗೆ ಹಾಗಿರುತ್ತದೆ? ಪತ್ರ ಬರೆಯುವವರು ಆವರಣದೊಳಗೆ ಹಾಕುವ ಮಾತನ್ನೇ ನಾನು ಮೊದಲು ಓದುವುದೆಂದು ಈ ಅಂಕಣದಲ್ಲಿ ಎಷ್ಟೋ ಸಲ ಬರೆದಿದ್ದೇನೆ, ಈಗಲೂ ಬರೆಯುತ್ತೇನೆ. ನೀವು ಆರು ಪುಟಗಳುದ್ದಕ್ಕೂ ‘ನಾನು ಆರಿಸಿಕೊಳ್ಳದ ದಾರಿ’ ಎಂದಿದ್ದೀರಿ. ಆರಿಸಿಕೊಳ್ಳಬೇಕಾದರೆ ಎರಡು ದಾರಿಗಳೂ ಕಣ್ಣೆದುರು ಇರಬೇಕಿತ್ತು. ಜೂನ್ ತಿಂಗಳ ಮಳೆಯಲ್ಲಿ ನೀವು ದಿನವೂ ಗದ್ದೆಯ ಅಂಚು ದಾಟಿ, ಅಂಚೆಯ ಚೀಲ ಬಂದಿಳಿಯುವ ಅಂಗಡಿಯವರೆಗೆ ಹೋಗಿ, ಏನೂ ಇಲ್ಲವೆಂದು ಕೇಳಿಸಿಕೊಂಡು ಹಿಂದಿರುಗುತ್ತಿದ್ದಿರಿ. ತನ್ನನ್ನು ಅವರು ಕರೆಯಲೇ ಇಲ್ಲ, ತನ್ನಲ್ಲಿ ಅಂಥದ್ದೇನೂ ಕಂಡಿರಲಿಕ್ಕಿಲ್ಲ ಎಂದುಕೊಂಡೇ ಮದುವೆಗೆ ಒಪ್ಪಿದಿರಿ. ಕರೆದಿದ್ದರು ಎಂದು ತಿಳಿಯುವ ಹೊತ್ತಿಗೆ ಅಲ್ಲಿ ಪಾಠ ಶುರುವಾಗಿ ತಿಂಗಳುಗಳಾಗಿದ್ದವು. ದಾರಿಯನ್ನು ಬಿಟ್ಟವರು ನೀವಲ್ಲ.

ನಿಮ್ಮ ಅಣ್ಣನ ವಿಷಯದಲ್ಲಿ ನಾನು ಮೆತ್ತಗೆ ಬರೆಯಲಾರೆ. ತಂದೆ ಹೋದ ಮೇಲೆ ಮನೆ ಹೊತ್ತರು, ಸಾಲ ಮಾಡಿ ನಿಮ್ಮ ಮದುವೆ ಮಾಡಿದರು, ಬಾಣಂತನಕ್ಕೆ ಕರೆದೊಯ್ದರು ಎಂದು ಬರೆದಿದ್ದೀರಿ. ಅದೆಲ್ಲವೂ ನಿಜವಿರಬಹುದು, ಅದಕ್ಕೆ ನೀವು ಋಣಿಯಾಗಿರುವುದೂ ಸರಿ. ಆದರೆ ಇನ್ನೊಬ್ಬರ ಹೆಸರಿಗೆ ಬಂದ ಪತ್ರವನ್ನು ತಡೆಹಿಡಿಯುವುದನ್ನು ಯಾವ ಪ್ರೀತಿಯ ಹೆಸರಿನಲ್ಲೂ ನಾನು ಒಪ್ಪುವುದಿಲ್ಲ. ನಾನು ಓದುವಾಗ ಇದ್ದ ಹಾಸ್ಟೆಲ್ಲಿನಲ್ಲಿ ಹುಡುಗಿಯರ ಪತ್ರಗಳನ್ನು ಒಡೆದು ಓದಿಯೇ ಕೈಗೆ ಕೊಡುತ್ತಿದ್ದರು. ಅಂಟು ಬಿಟ್ಟ ಇನ್‌ಲ್ಯಾಂಡ್ ಪತ್ರವನ್ನು ಹಿಡಿದಾಗ ಹೊಟ್ಟೆಯಲ್ಲಿ ಏಳುತ್ತಿದ್ದ ಸಂಕಟ ನನಗೆ ಇಂದಿಗೂ ನೆನಪಿದೆ. ನಮಗೆ ಪತ್ರ ಕೊನೆಗಾದರೂ ಸಿಗುತ್ತಿತ್ತು. ನಾಟಕಕ್ಕೆ ಹೋದರೆ ಹುಡುಗಿ ಕೈತಪ್ಪುತ್ತಾಳೆಂಬ ಭಯ ಆ ಕಾಲದ ಮನೆಗಳಲ್ಲಿ ಇತ್ತು, ಒಪ್ಪುತ್ತೇನೆ. ಭಯವಿದ್ದವರು ಬೇಡವೆಂದು ಬಾಯಿಬಿಟ್ಟು ಹೇಳಬಹುದಿತ್ತು. ಆಗ ನೀವು ಅಳುತ್ತಿದ್ದಿರಿ, ಉಪವಾಸ ಕೂರುತ್ತಿದ್ದಿರಿ, ಪ್ರಾಯಶಃ ಹಟಮಾಡಿ ಸಾಗರದ ಬಸ್ಸು ಹತ್ತುತ್ತಿದ್ದಿರಿ, ಇಲ್ಲವೇ ಸೋತು ಉಳಿಯುತ್ತಿದ್ದಿರಿ. ಸೋತಿದ್ದರೂ ಅದು ನೀವು ಆಡಿ ಸೋತದ್ದಾಗುತ್ತಿತ್ತು.

ಶರಾವತಿ ಸೀಮೆಯವರನ್ನು ಇಲ್ಲಿ ನೆನೆಯಬೇಕು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟೆ ಮುಗಿದಾಗ ಊರು, ತೋಟ, ದೇವಸ್ಥಾನಗಳನ್ನು ನೀರಿಗೆ ಬಿಟ್ಟು ಬಂದ ಸಂಸಾರಗಳು ನಮ್ಮ ಜಿಲ್ಲೆಯ ತುಂಬ ಇವೆ. ಬಿರುಬೇಸಿಗೆಯಲ್ಲಿ ಹಿನ್ನೀರು ಇಳಿದು, ಅದಕ್ಕೂ ಮೊದಲಿನ ಹಿರೇಭಾಸ್ಕರ ಅಣೆಕಟ್ಟೆಯೇ ಮೇಲೆದ್ದು ಕಾಣುವ ವರ್ಷಗಳಲ್ಲಿ, ಹಳೆಯ ಮನೆಯ ತಳಪಾಯ ಹುಡುಕಿಕೊಂಡು ಹೋಗುವ ಮುದುಕರನ್ನು ನಾನು ಬಲ್ಲೆ. ಅವರು ಕೆಸರಿನಲ್ಲಿ ನಿಂತು ಇಲ್ಲಿ ಬಾವಿಯಿತ್ತು, ಇಲ್ಲಿ ಕೊಟ್ಟಿಗೆಯಿತ್ತು ಎಂದು ಮೊಮ್ಮಕ್ಕಳಿಗೆ ತೋರಿಸುತ್ತಾರೆ, ಕಣ್ಣೊರೆಸಿಕೊಂಡು ಸಂಜೆಗೆ ಮನೆಗೆ ಬರುತ್ತಾರೆ. ತಮ್ಮ ಊರನ್ನು ಮುಳುಗಿಸಿದ್ದು ಯಾರು, ಯಾತಕ್ಕಾಗಿ ಎಂಬುದು ಅವರಿಗೆ ಗೊತ್ತಿದೆ. ಬೈಯಲು ಅವರಿಗೊಂದು ಸರ್ಕಾರವಿದೆ, ಬರೆಯಲು ಅರ್ಜಿಗಳಿವೆ. ನಿಮ್ಮ ಊರು ಮುಳುಗಿ ಇಪ್ಪತ್ತೇಳು ವರ್ಷವಾದರೂ ನೀವು ಯಾರನ್ನೂ ಏನನ್ನೂ ಕೇಳಿಲ್ಲ, ಅದಕ್ಕೇ ರಾತ್ರಿ ಹೊತ್ತು ಎಲೆಗಳನ್ನು ಕೇಳುತ್ತಿದ್ದೀರಿ. ತಿಳಿದವರು ಬದುಕಿರುವಾಗ ತಿಳಿಯದವರನ್ನು ಕೇಳಬಾರದು ಎಂಬುದು ನನ್ನ ಹಳೆಯ ನಂಬಿಕೆ. ಲಂಡನ್ನಿನಲ್ಲಿ 1909ರಲ್ಲಿ ಅಚ್ಚಾದ ಚಿತ್ರಗಳಿಗೆ ನಿಮ್ಮ ತವರಿನ ದೇವರ ಮನೆಯಲ್ಲಿ ನಡೆದದ್ದು ಹೇಗೆ ತಿಳಿಯಬೇಕು?

ಎಲೆಗಳು ನಿಮಗೆ ತೋರಿಸುತ್ತಿರುವ ಬದುಕನ್ನೂ ಒಮ್ಮೆ ನೆಲಕ್ಕಿಳಿಸಿ ನೋಡಿ. ಅಲ್ಲಿನ ತರಬೇತಿ ಹತ್ತು ತಿಂಗಳಿನದು. ಮುಗಿಸಿದವರಲ್ಲಿ ಕೆಲವರು ತಿರುಗಾಟದ ತಂಡ ಸೇರಿ, ತಿಂಗಳುಗಟ್ಟಲೆ ಊರಿಂದೂರಿಗೆ ಪ್ರಯಾಣ ಮಾಡಿ, ಸೆಟ್ಟು ಇಳಿಸಿ, ಕಟ್ಟಿ, ಆಡಿ, ಬಿಚ್ಚಿ, ಮತ್ತೆ ಲಾರಿಗೆ ಏರಿಸುತ್ತಾರೆ. ಕೆಲವರು ಶಾಲೆಗಳಲ್ಲಿ ಮಕ್ಕಳಿಗೆ ನಾಟಕ ಕಲಿಸುತ್ತಾರೆ, ಕೆಲವರು ಊರಿಗೆ ಮರಳಿ ತೋಟವನ್ನೇ ನೋಡಿಕೊಳ್ಳುತ್ತಾರೆ. ನಿಮ್ಮ ಎಲೆಗಳ ಬದುಕಿನಲ್ಲಿ ಬಾಡಿಗೆ ಮನೆಯಿಲ್ಲ, ಗಂಟಲು ಕಟ್ಟಿದ ದಿನವಿಲ್ಲ, ಸಿಗದೆ ಹೋದ ಪಾತ್ರವಿಲ್ಲ. ಈಗಲೂ ಕಾಲ ಮಿಂಚಿಲ್ಲ, ಹೋಗಿ ಸೇರಿಕೊಳ್ಳಿ ಎಂದೂ ನಾನು ಹೇಳುವುದಿಲ್ಲ. ಇಪ್ಪತ್ತೊಂದು ವರ್ಷದ ಹುಡುಗಿಗೆ ಬಂದ ಕರೆ ಅದು, ಅದರ ಕಾಲ ಮಿಂಚಿದೆ. ನಿಮ್ಮ ನಷ್ಟ ನಿಜವಾದದ್ದು, ಅದನ್ನು ನಷ್ಟವೆಂದೇ ಕರೆಯಿರಿ.

ನಿಮ್ಮ ಗಂಡನಿಗೆ ಮಾತ್ರ ನೀವು ಅನ್ಯಾಯ ಮಾಡುತ್ತಿದ್ದೀರಿ. ಇಷ್ಟು ವರ್ಷಗಳಲ್ಲಿ ಅವರು ಒಂದು ನಾಟಕಕ್ಕೂ ಕರೆದೊಯ್ದಿಲ್ಲ ಎಂದು ದೂರಿದ್ದೀರಿ. ಹೆಗ್ಗೋಡಿಗೆ ಅರ್ಜಿ ಹಾಕಿದ್ದ ವಿಷಯವನ್ನೇ ಅವರಿಗೆ ಹೇಳಿಲ್ಲವೆಂದು ನೀವೇ ಬರೆದ ಮೇಲೆ, ಅವರು ಏನನ್ನು ತಿಳಿದು ಕರೆದೊಯ್ಯಬೇಕಿತ್ತು? ಅದೇ ಪತ್ರದಲ್ಲಿ ಇನ್ನೊಂದು ಮಾತಿದೆ. ಕೊಳೆರೋಗಕ್ಕೆ ಔಷಧಿ ಹೊಡೆಸಿ ಬಂದ ದಿನ, ಗಾಳಿಗೆ ಹಾರಿ ನೆಲಕ್ಕೆ ಬಿದ್ದ ನಿಮ್ಮ ಎಲೆಗಳನ್ನು ಕಂಡವರು, ಮೊದಲು ಹಂಡೆಯ ನೀರಿನಲ್ಲಿ ಮೈತುತ್ತದ ನೀಲಿ ಹೋಗುವವರೆಗೆ ಕೈ ತಿಕ್ಕಿ ತೊಳೆದು, ಪಂಚೆಗೆ ಒರೆಸಿಕೊಂಡು, ಆಮೇಲೆ ಒಂದೊಂದಾಗಿ ಹೆಕ್ಕಿ ಮಣೆಯ ಮೇಲೆ ಜೋಡಿಸಿಟ್ಟರು. ತುಂಗೆಗೆ ಎಸೆ ಎಂದ ಮನುಷ್ಯ ಮಾಡಿದ ಕೆಲಸ ಅದು. (ತುಂಗೆಗೆ ಏನನ್ನೂ ಎಸೆಯಬೇಡಿ. ಹೊಳೆ ಈಗಾಗಲೇ ನಮ್ಮೆಲ್ಲರ ಹಳೆಯ ಬಟ್ಟೆ, ಹರಕೆ, ಪ್ಲಾಸ್ಟಿಕ್ಕುಗಳನ್ನು ಹೊತ್ತು ಸಾಕಾಗಿದೆ.) ಅವರಿಗೆ ಹೇಳಬೇಕೆ ಎಂದು ಕೇಳಿದ್ದೀರಿ. ಹೇಳಬೇಕು, ಆದರೆ ಎರಡನೆಯದಾಗಿ. ಮೊದಲು ಹೋಗಬೇಕಾದದ್ದು ತವರಿಗೆ.

ನಾನು ಹೇಳುವುದು ಒಂದೇ. ಈ ದೀಪಾವಳಿಗೆ ತವರಿಗೆ ಹೋಗುವಾಗ 78 ಎಲೆಗಳನ್ನು ಮನೆಯಲ್ಲೇ ಬಿಟ್ಟು, ಪೆಟ್ಟಿಗೆಯ ಅಡಿಯಲ್ಲಿರುವ ಎಪ್ಪತ್ತೊಂಬತ್ತನೆಯದನ್ನು ಮಾತ್ರ ತೆಗೆದುಕೊಂಡು ಹೋಗಿ. ಅಣ್ಣನಿಗೆ ಅರವತ್ತೆರಡು ವರ್ಷ, ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡವರು ಎಂದು ಹಿಂಜರಿದಿದ್ದೀರಿ. ಅದೇ ಅಣ್ಣ ದಿನವೂ ತೋಟ ಸುತ್ತುತ್ತಾರೆ, ಮಂಡಿಯಲ್ಲಿ ಅಡಿಕೆ ದರಕ್ಕೆ ಗಂಟೆಗಟ್ಟಲೆ ವಾದಿಸುತ್ತಾರೆ ಎಂದೂ ನೀವೇ ಬರೆದಿದ್ದೀರಿ. ಜಗಳಕ್ಕೆ ಹೋಗಬೇಡಿ, ಅತ್ತಿಗೆ ಮಕ್ಕಳ ಎದುರಿಗೂ ಬೇಡ. ಗೋಪೂಜೆ ಮುಗಿದು, ಊಟವಾಗಿ, ಅವರು ಜಗಲಿಯಲ್ಲಿ ಕವಳದ ತಟ್ಟೆ ಎಳೆದುಕೊಂಡು ಒಬ್ಬರೇ ಕುಳಿತಿರುವಾಗ ಪಕ್ಕದಲ್ಲಿ ಕುಳಿತು, ಪತ್ರವನ್ನು ತಟ್ಟೆಯ ಪಕ್ಕಕ್ಕಿಟ್ಟು, ‘ಅಣ್ಣಾ, ಇದನ್ನು ನನಗೆ ಯಾಕೆ ಕೊಡಲಿಲ್ಲ?’ ಎಂದು ಕೇಳಿ. ಆಮೇಲೆ ಸುಮ್ಮನಿರಿ. ಮರೆತೆ ಎನ್ನಬಹುದು, ಅಮ್ಮ ಬೇಡವೆಂದಳು ಎನ್ನಬಹುದು, ನಿನ್ನ ಒಳ್ಳೆಯದಕ್ಕೇ ಎನ್ನಬಹುದು, ಎದ್ದು ಒಳಗೆ ಹೋಗಲೂಬಹುದು. ಯಾವುದಕ್ಕೂ ನೀವು ‘ಅದು ಹಾಗಿರಲಿ’ ಎನ್ನಬೇಡಿ. ಎದ್ದು ಹೋದರೆ ಮರುದಿನ ಬೆಳಿಗ್ಗೆ ಇನ್ನೊಮ್ಮೆ ಕೇಳಿ.

ಅಲ್ಲಿಯವರೆಗೆ ಎಲೆ ಹಾಸಬೇಡಿ. ಆಮೇಲೆ ಹಾಸುವುದೂ ಬಿಡುವುದೂ ನಿಮಗೆ ಸೇರಿದ್ದು. ತವರಿನಿಂದ ಬಂದ ರಾತ್ರಿ ಅದೇ ಪತ್ರವನ್ನು ಮನೆಯವರ ಕೈಗೆ ಕೊಟ್ಟು ಓದಲು ಹೇಳಿ. ಮತ್ತೆ ನನಗೆ ಬರೆಯಿರಿ. ಅಣ್ಣ ಏನೆಂದರು ಎಂಬುದನ್ನು ಮೊದಲ ಸಾಲಿನಲ್ಲೇ, ಆವರಣ ಹಾಕದೆ ಬರೆಯಿರಿ.