ಒಂದೇ ದಿನ ಎರಡು ಐಎನ್‌ಆರ್ ಯಾಕೆ?

ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಾರ್ಫರಿನ್ ಮಾತ್ರೆ ತಗೊಳ್ಳುವ ಅಪ್ಪನಿಗೆ ಒಂದೇ ದಿನ ಒಂದು ಲ್ಯಾಬಿನಲ್ಲಿ ಐಎನ್‌ಆರ್ (ರಕ್ತ ಹೆಪ್ಪುಗಟ್ಟುವುದು ಎಷ್ಟು ನಿಧಾನ ಎಂದು ತೋರಿಸುವ ಸಂಖ್ಯೆ) 2.4, ಇನ್ನೊಂದರಲ್ಲಿ 3.1 ಬಂತು, ಯಾವುದನ್ನು ನಂಬುವುದು ಅಂತ ಕೇಳಿದ್ದೀರಿ. ನಾನು ಲ್ಯಾಬಿನಲ್ಲೇ ಕೆಲಸ ಮಾಡುವವನು. ಇದು ಅಪರೂಪವೇನಲ್ಲ.

ಪರೀಕ್ಷೆಯಲ್ಲಿ ರಕ್ತ ಹೆಪ್ಪುಗಟ್ಟಿಸಲು ಹಾಕುವ ಥ್ರಾಂಬೋಪ್ಲಾಸ್ಟಿನ್ ಎಂಬ ವಸ್ತು ಕಂಪನಿಯಿಂದ ಕಂಪನಿಗೆ ಬೇರೆ. ಆ ವ್ಯತ್ಯಾಸ ಸರಿದೂಗಿಸಲೆಂದೇ ವಿಶ್ವ ಆರೋಗ್ಯ ಸಂಸ್ಥೆ 1983ರಲ್ಲಿ ಐಎನ್‌ಆರ್ ಲೆಕ್ಕ ತಂದದ್ದು. ಆ ವಸ್ತುವಿನ ಪ್ರತಿ ಲಾಟ್‌ಗೂ (ಒಮ್ಮೆಗೆ ತಯಾರಾದ ಸರಕು) ಅದು ಎಷ್ಟು ಸೂಕ್ಷ್ಮ ಎಂದು ಹೇಳುವ ಐಎಸ್‌ಐ ಎಂಬ ಸಂಖ್ಯೆ ಇರುತ್ತದೆ. ಹೆಪ್ಪುಗಟ್ಟಲು ರೋಗಿಯ ರಕ್ತಕ್ಕೆ 24 ಸೆಕೆಂಡ್, ಆರೋಗ್ಯವಂತರ ಸರಾಸರಿ 12 ಅಂದುಕೊಳ್ಳಿ. 24ನ್ನು 12ರಿಂದ ಭಾಗಿಸಿ, ಬಂದದ್ದನ್ನು ಐಎಸ್‌ಐ ಘಾತಕ್ಕೆ ಏರಿಸಿದರೆ ಐಎನ್‌ಆರ್. ಐಎಸ್‌ಐ 1 ಇದ್ದರೆ ಐಎನ್‌ಆರ್ 2, 1.4 ಇದ್ದರೆ ಸುಮಾರು 2.6. ಹೊಸ ಲಾಟ್ ಬಂದರೂ ಮಷೀನಿನಲ್ಲಿ ಹಳೇ ಸಂಖ್ಯೆ ಉಳಿದರೆ ಕಥೆ ಮುಗೀತು!

ಆಮೇಲೆ ನೀಲಿ ಮುಚ್ಚಳದ ಟ್ಯೂಬ್. ಅದರೊಳಗಿನ 0.3 ಮಿ.ಲೀ. ಸಿಟ್ರೇಟ್‌ಗೆ (ಟ್ಯೂಬಿನಲ್ಲಿ ರಕ್ತ ಹೆಪ್ಪುಗಟ್ಟದಂತೆ ತಡೆಯುವ ದ್ರವ) 2.7 ಮಿ.ಲೀ. ರಕ್ತ, ಗೆರೆವರೆಗೂ ತುಂಬಬೇಕು. ನರ ಸಿಗಲಿಲ್ಲ ಅಂತ ಅರ್ಧಕ್ಕೇ ನಿಲ್ಲಿಸಿದರೆ ಐಎನ್‌ಆರ್ ಸುಮ್ನೆ ಜಾಸ್ತಿ ತೋರಿಸುತ್ತದೆ.

ಇನ್ನು ಮುಂದೆ ಒಂದೇ ಲ್ಯಾಬಿಗೆ ಹೋಗಿ. ವೆಲ್ಲೂರಿನ ಸಿಎಂಸಿ ಆಸ್ಪತ್ರೆ ನಡೆಸುವಂಥ ಹೊರಗಿನ ಗುಣಮಟ್ಟ ಪರೀಕ್ಷೆಗೆ ಸೇರಿದ್ದಾರಾ ಕೇಳಿ. ಒಂದೇ ಮಾದರಿ ಹಲವು ಲ್ಯಾಬುಗಳಿಗೆ ಹೋಗುತ್ತದೆ, ಯಾರ ಉತ್ತರ ದಾರಿ ತಪ್ಪಿದೆ ಎಂದು ಗೊತ್ತಾಗುತ್ತದೆ. ಡೋಸ್ ಮಾತ್ರ ನೀವೇ ಬದಲಾಯಿಸಬೇಡಿ, ಎರಡೂ ರಿಪೋರ್ಟನ್ನು ಇವತ್ತೇ ಡಾಕ್ಟರಿಗೆ ತೋರಿಸಿ.